ಫಿಲ್ಟರ್ ನಿಮ್ಮದು, ಫೋಟೋ ಯಾರದು ಸ್ವಾಮಿ?

ಫೋಟೋನ ಕಪ್ಪು-ಬಿಳುಪು ಮಾಡಿ, ಫೋಟೋಶಾಪಲ್ಲಿ ಪೋಸ್ಟರೈಸ್ ಒತ್ತಿ, ಗ್ರೇಡಿಯಂಟ್ ಮ್ಯಾಪಲ್ಲಿ ಕೆಂಪು, ನೀಲಿ, ತೆಳು ಹಳದಿ ತುಂಬಿದರೆ ಒಬಾಮಾ ‘ಹೋಪ್’ ಪೋಸ್ಟರ್ ಥರದ್ದು ರೆಡಿ. ಐದು ನಿಮಿಷದ ಕೆಲಸ, ನಾನೂ ಮಾಡ್ತೀನಿ. ನನ್ನ ತಕರಾರು ಕೆಳಗೆ ‘ಕಲೆ: ನಾನೇ’ ಅಂತ ಬರ್ಕೊಳ್ಳೋರ ಮೇಲೆ. ಮುಖದ ಮೇಲೆ ನೆರಳು ಎಲ್ಲಿ ಬಿತ್ತು ಅನ್ನೋದೇ ಈ ಎಫೆಕ್ಟಿನ ಜೀವ. ಅದನ್ನ ಕಂಡಿದ್ದು ಕ್ಯಾಮೆರಾ ಹಿಡಿದವನು, ಮೌಸ್ ಹಿಡಿದವನಲ್ಲ.

2008ರ ಆ ಪೋಸ್ಟರಿಗೆ ಶೆಪರ್ಡ್ ಫೇರಿ ಬಳಸಿದ್ದು 2006ರಲ್ಲಿ ಮ್ಯಾನಿ ಗಾರ್ಸಿಯಾ ತೆಗೆದ ಫೋಟೋ. ಯಾವ ಫೋಟೋ ಅನ್ನೋದನ್ನ ಮುಚ್ಚಿಡೋಕೆ ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ 2012ರಲ್ಲಿ 25,000 ಡಾಲರ್ ದಂಡ ಬಿತ್ತು! ಕೋಡ್ ಕಾಪಿ ಹೊಡೆದ್ರೂ ಲೈಸೆನ್ಸ್ ಸಾಲು ಉಳಿಸ್ತೀವಿ (ಉಳಿಸ್ತೀವಿ ತಾನೆ?). ಫೋಟೋದವನ ಹೆಸರು ಬರೆಯೋಕೆ ಮಾತ್ರ ಯಾಕ್ರೀ ಕೈ ಬರಲ್ಲ?