ಸಂಗ್ರಹದ ಮಿತಿ, ಬಡವನ ರೂಪಾಯಿ

ಪರಿಗ್ರಹ ಪರಿಮಾಣ ವ್ರತವು ಶ್ರಾವಕನ ಸ್ವಂತ ಆತ್ಮಶುದ್ಧಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ವಾಡಿಕೆ. ಆಸೆಗೆ ಮಿತಿ ಹಾಕಿಕೊಂಡವನಿಗೆ ಕರ್ಮದ ಆಸ್ರವ ತಗ್ಗುತ್ತದೆ ಎಂಬುದು ನಿಜವೇ. ಆದರೆ ಆ ಮಿತಿಯ ಆಚೆ ಬಡವನೊಬ್ಬ ನಿಂತಿದ್ದಾನೆ. ಕೆಲವರ ಆದಾಯ ಮಿತಿಮೀರಿ ಬೆಳೆದು, ಅವರೂ ಅವನೂ ಒಂದೇ ಸಂತೆಯಲ್ಲಿ ಧಾನ್ಯ ಕೊಳ್ಳಬೇಕಾದಾಗ, ಅವನ ಕೈಯ ರೂಪಾಯಿ ಎಣಿಕೆಯಲ್ಲಿ ಕಡಿಮೆಯಾಗದಿದ್ದರೂ ಕೊಳ್ಳುವ ಶಕ್ತಿಯಲ್ಲಿ ಕುಗ್ಗುತ್ತದೆ.

1943ರ ಬಂಗಾಳದ ಕ್ಷಾಮ ಇದಕ್ಕೆ ಘೋರ ನಿದರ್ಶನ. ಅಂದು ಮಡಿದವರು ಸುಮಾರು 30 ಲಕ್ಷ ಮಂದಿ ಎಂಬ ಅಂದಾಜಿದೆ. ಕ್ಷಾಮವಿರದ 1941ಕ್ಕಿಂತ ಆ ವರ್ಷ ಪ್ರಾಂತ್ಯದಲ್ಲಿ ದೊರೆಯುತ್ತಿದ್ದ ಧಾನ್ಯವೇನೂ ಕಡಿಮೆಯಿರಲಿಲ್ಲವೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತಮ್ಮ 1981ರ ಗ್ರಂಥದಲ್ಲಿ ವಾದಿಸಿದರು. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಉಂಟು. ಆದರೂ ಅವರು ತೋರಿದ ಒಂದು ಸಂಗತಿ ಮರೆಯುವಂಥದಲ್ಲ. ಯುದ್ಧದ ವೆಚ್ಚದಿಂದ ಕಲ್ಕತ್ತದಲ್ಲಿ ಕೆಲವರ ಕೈಗೆ ಹಣ ಹರಿಯಿತು. ಬೆಲೆ ಇನ್ನೂ ಏರೀತೆಂದು ಅಕ್ಕಿ ಉಗ್ರಾಣ ಸೇರಿತು. ಹಳ್ಳಿಯ ಕೂಲಿಕಾರನ ಕೂಲಿ ಮಾತ್ರ ಅಕ್ಕಿಯ ಬೆಲೆಯನ್ನು ಹಿಂಬಾಲಿಸಲಾರದೆ ಹೋಯಿತು. ಕ್ಷೌರಿಕನ ಗತಿ ಇನ್ನೂ ಕರುಣಾಜನಕ. ಹಸಿದ ಊರು ಮೊದಲು ಕೈಬಿಡುವ ಖರ್ಚುಗಳಲ್ಲಿ ಕ್ಷೌರವೂ ಒಂದಲ್ಲವೇ? ಅಕ್ಕಿ ಕೈಗೆಟುಕದಾದ ಹೊತ್ತಿನಲ್ಲಿಯೇ ಅವನ ಗಳಿಕೆಯೂ ಬತ್ತಿತು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಎಣಿಸಿದ್ದಾರೆ. ಮುಂದೆ ಹೆಚ್ಚು ಲಾಭ ಬಂದೀತೆಂದು ಧಾನ್ಯ ಕೂಡಿಡುವುದೇ ಅದು. ಅರ್ಥಶಾಸ್ತ್ರವೆಂಬ ವಿದ್ಯೆ ಇಂದಿನ ರೂಪ ತಾಳುವ ಎಷ್ಟೋ ಶತಮಾನಗಳ ಮೊದಲೇ ಆಚಾರ್ಯರ ದೃಷ್ಟಿ ಉಗ್ರಾಣದ ಬಾಗಿಲಿನ ಮೇಲೆ ಬಿದ್ದಿತ್ತು.

ಕೂಡಿಟ್ಟವನು ಬಳಿಕ ದಾನ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆಹಾರದಾನದ ಮಹಿಮೆಯನ್ನು ಅಲ್ಲಗಳೆಯಲಾಗದು. ಆದರೆ ಕಲ್ಕತ್ತದ ಗಂಜಿಕೇಂದ್ರಗಳತ್ತ ನಡೆದು ಬಂದವರಲ್ಲಿ ಬತ್ತದ ಗದ್ದೆಗಳಲ್ಲಿ ದುಡಿದವರೇ ಎಷ್ಟೋ ಮಂದಿ. ಅವರಿಗೆ ಬೇಕಿದ್ದುದು ದುಡಿಮೆಯ ಹಣದಿಂದ ಅಕ್ಕಿ ಕೊಳ್ಳುವ ಶಕ್ತಿ. ದಾನಿಯ ಹೆಸರನ್ನು ಶಿಲೆಯಲ್ಲಿ ಕೆತ್ತಿಸುವ ಉತ್ಸಾಹ ಪರಿಗ್ರಹದ ಮಿತಿಯನ್ನು ನಿರ್ಧರಿಸುವಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಹೇಳುತ್ತದೆ. ಅಧೀನದಲ್ಲಿರುವ ಜೀವಿಗೆ ಅನ್ನನೀರು ತಪ್ಪಿಸುವುದೆಂದು ಅದರ ಅರ್ಥ. ಅದನ್ನು ಕಟ್ಟಿಹಾಕಿದ ಎತ್ತಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುವುದು ಸರಿಯಲ್ಲ. ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಏರಿದರೂ ಅಂಗಡಿಯ ಆಳಿಗೂ ಮನೆಗೆಲಸದವಳಿಗೂ ಹಳೆಯ ಸಂಬಳವನ್ನೇ ಕೊಡುತ್ತಿರುವ ಶ್ರಾವಕ, ಹೊಲ, ಮನೆ, ಚಿನ್ನಗಳಿಗೆ ಮಿತಿ ಹಾಕಿಕೊಳ್ಳುವ ದಿನ ಆ ಸಂಬಳದ ಲೆಕ್ಕವನ್ನೂ ಮುಂದಿಟ್ಟುಕೊಳ್ಳಬೇಕು.