ಉಪಗ್ರಹಕ್ಕೆ ಗದ್ದೆ ಕಾಣುತ್ತೆ, ನಾಲೆಯ ಸರದಿ ಕಾಣಲ್ಲ

ನಂಜನಗೂಡು, ಟಿ. ನರಸೀಪುರದ ಭತ್ತದ ಗದ್ದೆಗಳ ಚಿತ್ರವನ್ನು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ತೆಗೆಯುತ್ತವೆ. ಅದರಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗುಂಟೆ. ಎಕರೆಗೆ ಸುಮಾರು 40 ಚುಕ್ಕಿ. ಚಿತ್ರ ಉಚಿತ. ಬೆಳೆ ಎಲ್ಲಿ ಸೊರಗಿದೆ ಅಂತ ಮೊಬೈಲಲ್ಲೇ ನೋಡಬಹುದು.

ಆದರೆ ಚಿತ್ರವನ್ನಷ್ಟೇ ನಂಬಿ ನೀರು ಕಟ್ಟಬೇಡಿ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಗದ್ದೆ ಕಾಣಲ್ಲ. ಸೊರಗಿದ್ದು ನೀರಿಲ್ಲದೆಯೋ, ರೋಗದಿಂದಲೋ ಅಂತಲೂ ಅದು ಹೇಳಲ್ಲ. ಅದಕ್ಕೆ ಗದ್ದೆಗೇ ಇಳಿಯಬೇಕು. 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ತೂತು ಕೊರೆದು, ಅಷ್ಟನ್ನು ಮಣ್ಣಲ್ಲಿ ಹೂತು, ಒಳಗಿನ ಮಣ್ಣು ತೆಗೆಯಿರಿ. ಪೈರು ಬೇರು ಹಿಡಿದ ಮೇಲೆ, ಪೈಪಿನೊಳಗೆ ನೀರು 15 ಸೆಂ.ಮೀ. ಕೆಳಗಿಳಿದಾಗ ನೀರು ಕೊಡಿ. ಹೂವಾಡುವಾಗ ಮಾತ್ರ ಗದ್ದೆ ಒಣಗಿಸಬೇಡಿ.

ಇದಕ್ಕೊಂದು ಷರತ್ತಿದೆ: ಬೇಕಾದಾಗ ನೀರು ಬರುತ್ತೆ ಅನ್ನೋ ನಂಬಿಕೆ. ಬೋರ್‌ವೆಲ್ ಇದ್ದವರಿಗೆ ಸ್ವಿಚ್ಚು ಕೈಯಲ್ಲಿದೆ. ಕಬಿನಿ ನಾಲೆಯ ಕೊನೇ ಭಾಗದ ರೈತ, ನೀರು ಬಂದಾಗಲೇ ಗದ್ದೆ ತುಂಬಿಸಿಕೊಳ್ಳದೆ ಇನ್ನೇನು ಮಾಡಿಯಾನು?

ಹಾಗಾಗಿ ನನ್ನ ಪ್ರಕಾರ ಮೊದಲು ಬೇಕಿರೋದು ಇನ್ನೊಂದು ಆ್ಯಪ್ ಅಲ್ಲ. ಯಾವ ತೂಬಿಗೆ ಯಾವತ್ತು, ಎಷ್ಟು ಹೊತ್ತು ನೀರು ಅನ್ನೋ ಒಂದು ಮೆಸೇಜು. ಅದಕ್ಕೆ ವಾಟ್ಸಾಪ್ ಗ್ರೂಪ್ ಸಾಕು. ನೀರು ಬಳಕೆದಾರರ ಸಂಘದ ಮುಂದಿನ ಸಭೆಗೆ ಹೋಗಿ, ಇದನ್ನೇ ಕೇಳಿ. ಮೇಲ್ಭಾಗದವರು ಬಿಟ್ಟ ನೀರು ಕೊನೇ ಗದ್ದೆ ಮುಟ್ಟಿದರೆ ತಾನೇ ಅದು ಉಳಿತಾಯ?