ಕೋತಗಿರಿಯ ಮೌನ ಯಾರದು?

ಶನಿವಾರದ ತಿಂಡಿಯ ಹೊತ್ತಿಗೆ ಮನೆಯಲ್ಲಿ ಯಾರೋ ಒಬ್ಬರು ಮಾತೆತ್ತುತ್ತಾರೆ. ಗಂಟೆಯೊಳಗೆ ಬುತ್ತಿ ಕಟ್ಟಿ, ಸ್ವೆಟರು ಹುಡುಕಿ, ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಾರು ಹೊರಟೇಬಿಡುತ್ತದೆ. ತಾಳವಾಡಿ, ಹೊಸೂರು, ಗುಂಡ್ಲುಪೇಟೆಗಳ ಕಡೆಯ ಕುಟುಂಬಗಳಿಗೆ ಇಂಥ ದಿಢೀರ್ ಪ್ರವಾಸ ಇಂದು ಅಪರೂಪವಲ್ಲ. ಊಟಿಯ ಜನಜಂಗುಳಿ ಬೇಡವೆನ್ನುವವರು ನೀಲಗಿರಿಯ ಮತ್ತೊಂದು ಊರಾದ ಕೋತಗಿರಿಯ ಹೆಸರನ್ನು ಸೂಚಿಸುತ್ತಾರೆ. ‘ಅಲ್ಲಿ ಯಾರೂ ಇರುವುದಿಲ್ಲ, ಬಹಳ ಶಾಂತ’ ಎಂಬುದು ಅದಕ್ಕೆ ಅವರು ಕೊಡುವ ಕಾರಣ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಪರಿಶೀಲಿಸಬೇಕಾದುದು ‘ಯಾರೂ ಇರುವುದಿಲ್ಲ’ ಎಂಬ ಈ ಮಾತನ್ನೇ.

ಹೀಗೆ ಹಠಾತ್ತನೆ ಹೊರಡುವುದರಲ್ಲಿ ತಪ್ಪೇನೂ ಇಲ್ಲ. ವಾರವಿಡೀ ಒಂದೇ ಸೂರಿನಡಿ ಇದ್ದೂ ಮಾತಿಗೆ ಸಿಗದ ಮನೆಮಂದಿ ಕಾರಿನೊಳಗೆ ಪರಸ್ಪರ ಸಿಗುತ್ತಾರೆ. ತಾಳವಾಡಿಯಿಂದ ಹೊರಟವರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲ, ಮೆಟ್ಟುಪಾಳ್ಯಗಳ ಬಿಸಿಲನ್ನು ದಾಟಿ, ಮತ್ತೆ ಘಟ್ಟ ಹತ್ತಿ ತಂಪನ್ನು ಸೇರುವಷ್ಟರಲ್ಲಿ ಅಜ್ಜಿಯ ನೆನಪುಗಳಿಗೆ ಬೇಕಾದಷ್ಟು ಬಿಡುವು ದೊರೆಯುತ್ತದೆ. ಯೋಜನೆಯಿಲ್ಲದ ಪ್ರಯಾಣಕ್ಕೆ ಅದರದೇ ಆದ ಸೊಗಸಿದೆ. ಪ್ರಶ್ನೆ ಇರುವುದು ತಲುಪಿದ ಮೇಲಿನ ನಡವಳಿಕೆಯಲ್ಲಿ.

ಈ ಸೊಗಸಿಗೆ ಈಗ ಕಾನೂನಿನ ಒಂದು ಮಿತಿಯೂ ಬಂದಿದೆ. ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲ್ 1ರಿಂದ, ಬೇಸಿಗೆಯ ತಿಂಗಳುಗಳಿಗೆ, ವಾರದ ದಿನಗಳಲ್ಲಿ 6,000 ಮತ್ತು ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯನ್ನು ವಿಧಿಸಲಾಯಿತು. ಮನಸ್ಸು ಬಂದಾಗ ಹೊರಡುವ ಸ್ವಾತಂತ್ರ್ಯಕ್ಕೆ ಇದು ಧಕ್ಕೆಯೆಂದು ಗೊಣಗುವವರಿದ್ದಾರೆ. ಆದರೆ ದಿನಕ್ಕೆ 8,000 ಕಾರುಗಳು ಬೆಟ್ಟದ ಕಿರುದಾರಿಗಳಲ್ಲಿ ನಿಂತರೆ ಆಸ್ಪತ್ರೆಗೆ ಹೊರಟ ರೋಗಿ, ಕಾರ್ಖಾನೆಗೆ ಹಸಿ ಚಹಾ ಎಲೆ ಸಾಗಿಸುವ ಬೆಳೆಗಾರ, ಶಾಲೆಗೆ ಹೋಗುವ ಮಗು ಎಲ್ಲರೂ ಅದೇ ದಾರಿಯಲ್ಲಿ ಸಿಲುಕುತ್ತಾರೆ. ಬಂಧುಗಳ ಮನೆಗೂ ಹೇಳಿಕಳುಹಿಸಿ ಹೋಗುವ ಪದ್ಧತಿಯುಳ್ಳ ಜನಕ್ಕೆ ಐದು ನಿಮಿಷದ ನೋಂದಣಿ ಭಾರವಾಗಬಾರದು.

ಅಲ್ಲಿ ಜನರಿದ್ದಾರೆ ಎಂಬುದನ್ನು ಊರಿನ ಹೆಸರೇ ಸಾರುತ್ತದೆ. ಕೋತರ ಕೇರಿಯೇ ಕೋತಗಿರಿಯಾಯಿತೆನ್ನುತ್ತಾರೆ. ಕಮ್ಮಾರಿಕೆ, ಕುಂಬಾರಿಕೆ, ವಾದ್ಯಸಂಗೀತಗಳಲ್ಲಿ ನುರಿತ ಕೋತರು, ಎಮ್ಮೆ ಸಾಕುವ ತೋಡರು, ಬೇಸಾಯದ ಬಡಗರು, ಕಾಡನ್ನು ಬಲ್ಲ ಕುರುಂಬರು ತಮ್ಮ ತಮ್ಮ ಉತ್ಪನ್ನ ಮತ್ತು ಸೇವೆಗಳನ್ನು ವಿನಿಮಯ ಮಾಡಿಕೊಂಡು ಬಾಳಿದ ಬೆಟ್ಟವಿದು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಇಲ್ಲಿಗೆ ಬಂದ. ಕೋತಗಿರಿಯ ಬಳಿಯ ಕನ್ನೇರಿಮುಕ್ಕಿನಲ್ಲಿ ಅವನ ಬಂಗಲೆ ಇಂದಿಗೂ ಇದೆ. ಜನ ತಲೆಮಾರುಗಳಿಂದ ಬಾಳುತ್ತಿದ್ದ ನೆಲವನ್ನು ಅವನು ‘ಕಂಡುಹಿಡಿದ’ನೆಂದು ಬರೆದವರುಂಟು. ‘ಅಲ್ಲಿ ಯಾರೂ ಇರುವುದಿಲ್ಲ’ ಎನ್ನುವ ಪ್ರವಾಸಿ ತನಗರಿವಿಲ್ಲದೆ ಅದೇ ಮಾತನ್ನು ಮುಂದುವರಿಸುತ್ತಾನೆ.

ಗಡಿಯ ಕನ್ನಡಿಗರಿಗೆ ಇಲ್ಲಿ ಇನ್ನೊಂದು ಪರೀಕ್ಷೆ ಕಾದಿದೆ. ನಡುಹಟ್ಟಿ, ಕಟ್ಟಬೆಟ್ಟು, ದೊಡ್ಡಬೆಟ್ಟ ಎಂಬ ಹೆಸರುಗಳು ಅವರ ಕಿವಿಗೆ ಅರ್ಥವನ್ನು ಕೂಡಲೇ ಬಿಟ್ಟುಕೊಡುತ್ತವೆ. ಬಡಗರ ಊರು ‘ಹಟ್ಟಿ’. ಅವರು ಪೂಜಿಸುವ ಮೂಲಮಾತೆ ‘ಹೆತ್ತೆ’. ಬಡಗಣದಿಂದ, ಎಂದರೆ ಮೈಸೂರಿನ ಕಡೆಯಿಂದ, ಬಂದವರಾದ್ದರಿಂದ ಆ ಹೆಸರು ಎಂಬುದು ಪ್ರಚಲಿತ ವಿವರಣೆ. ಈ ನಂಟನ್ನು ಗುರುತಿಸಿ ಸಂತೋಷಪಡುವುದು ಸಹಜ. ಆದರೆ ಅನೇಕರು ಅಲ್ಲಿಗೆ ನಿಲ್ಲುವುದಿಲ್ಲ. ‘ಇದು ನಮ್ಮ ಕನ್ನಡವೇ, ಸ್ವಲ್ಪ ಕೆಟ್ಟಿದೆ’ ಎಂದು ಚಹಾ ಅಂಗಡಿಯಲ್ಲಿ ನಿಂತು ತೀರ್ಪು ಕೊಡುತ್ತಾರೆ.

2011ರ ಜನಗಣತಿ ಸುಮಾರು 1.33 ಲಕ್ಷ ಬಡಗ ಭಾಷಿಕರನ್ನು ಕನ್ನಡದ ಅಡಿಯಲ್ಲಿಯೇ ಎಣಿಸಿದೆ. ವಿದ್ವಾಂಸರ ಪೈಕಿ ಅದನ್ನು ಸ್ವತಂತ್ರ ಭಾಷೆಯೆಂದು ಪರಿಗಣಿಸುವವರಿದ್ದಾರೆ. 1939ರಲ್ಲಿಯೇ ಎಂ. ಬಿ. ಎಮನೊ ಬಡಗದ ಸ್ವರಗಳನ್ನು ಕುರಿತು ಪ್ರತ್ಯೇಕ ಲೇಖನ ಪ್ರಕಟಿಸಿದರು. ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ, ಇಂದಿನ ಕನ್ನಡದಲ್ಲಿಲ್ಲದ ಸ್ವರಗಳು ಅದರಲ್ಲಿವೆ. 1992ರಲ್ಲಿ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ-ರೈಚೂರ್ ಅವರ ಬಡಗ–ಇಂಗ್ಲಿಷ್ ನಿಘಂಟು ಹೊರಬಂದಿತು. ಇಷ್ಟು ವಿಶೇಷವುಳ್ಳ ನುಡಿಯನ್ನು ‘ಕೆಟ್ಟ ಕನ್ನಡ’ವೆನ್ನುವುದು ಭಾಷಾವಿಜ್ಞಾನದ ದೃಷ್ಟಿಯಿಂದ ಅಜ್ಞಾನ, ಸೌಜನ್ಯದ ದೃಷ್ಟಿಯಿಂದ ಅಪರಾಧ.

ಕಾಸರಗೋಡಿನ, ತಾಳವಾಡಿಯ, ಅಕ್ಕಲಕೋಟೆಯ ವಿದ್ಯಾರ್ಥಿಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ರಾಜಧಾನಿಯ ವೇದಿಕೆಗಳಲ್ಲಿ ಅವರ ಕನ್ನಡಕ್ಕೂ ‘ಶುದ್ಧವಲ್ಲ’ ಎಂಬ ಮುಗುಳ್ನಗೆ ದೊರೆಯುವುದುಂಟು. ತಮ್ಮ ರಾಜ್ಯದ ಕಚೇರಿಗಳಲ್ಲಿ ಆ ಕನ್ನಡಕ್ಕೆ ಜಾಗ ಕಿರಿದು. ಎರಡು ಕಡೆಯಿಂದಲೂ ಈ ಇರುಕನ್ನು ಅನುಭವಿಸಿದವರು ಮತ್ತೊಂದು ಸಣ್ಣ ನುಡಿಯ ಮುಂದೆ ನಿಂತಾಗ ದೊಡ್ಡಣ್ಣನಂತೆ ವರ್ತಿಸಿದರೆ ಆ ಅನುಭವದಿಂದ ಕಲಿತುದೇನು? ಸ್ವಂತ ನುಡಿಗೆ ಮನ್ನಣೆ ಕೇಳುವ ಹಕ್ಕು ಗಟ್ಟಿಯಾಗುವುದು ನೆರೆನುಡಿಗೆ ಅದೇ ಮನ್ನಣೆ ಕೊಟ್ಟಾಗಲೇ.

ಆದ್ದರಿಂದ ಕೋತಗಿರಿಗೆ ಹೊರಟ ಕುಟುಂಬದಲ್ಲಿ ಕನ್ನಡ ಐಚ್ಛಿಕದ ವಿದ್ಯಾರ್ಥಿಯೊಬ್ಬಳಿದ್ದರೆ ಅವಳಿಗೆ ಒಂದು ಕೆಲಸವಿದೆ. ಹಟ್ಟಿಯ ಹಿರಿಯರಿಗೆ ನಮಸ್ಕರಿಸಿ, ಬಿಡುವಿದೆಯೇ ಎಂದು ವಿಚಾರಿಸಿ, ಹಾಲಿಗೆ, ಮಳೆಗೆ, ಅಜ್ಜಿಗೆ ಅವರ ಮಾತಿನಲ್ಲಿ ಏನೆನ್ನುತ್ತಾರೆಂದು ಕೇಳಿ ಬರೆದುಕೊಳ್ಳಲಿ. ಕನ್ನಡದಲ್ಲಿ ಹಾಗಲ್ಲ ಎಂದು ತಿದ್ದದಿರಲಿ. ಮುಂದೆ ಕೋಡನಾಡಿನ ತುದಿಗೆ ಹೋದರೆ ಕೆಳಗೆ ಮೋಯಾರ್ ಕಣಿವೆಯೂ ಅದರಾಚೆ ತಾಳವಾಡಿಯ ಕಡೆಯ ಪ್ರಸ್ಥಭೂಮಿಯೂ ಒಟ್ಟಿಗೆ ಕಾಣುತ್ತವೆ. ಅಲ್ಲಿ ಹೆಚ್ಚಿನವರು ಫೋಟೋ ತೆಗೆದು ಹಿಂದಿರುಗುತ್ತಾರೆ. ಅವಳು ಹತ್ತು ಬಡಗ ಮಾತುಗಳೊಂದಿಗೆ ಹಿಂದಿರುಗಿದರೆ ಸೋಮವಾರದ ತರಗತಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇಕಾಗಿಲ್ಲ.